ಮುಖ ಒಂದೇ, ಲೆಕ್ಕ ಬೇರೆ



ನಮ್ಮ ಬ್ಲಾಗಿನಲ್ಲಿ ಇದುವರೆಗೆ ಬಂದದ್ದು ಭಾನುವಾರದ ಚಿಂತನೆ, ಹಬ್ಬದ ವರದಿ, ಮರಣದ ಸುದ್ದಿ, ಪ್ರಾರ್ಥನೆಯ ಕೋರಿಕೆ. ಈ ಆಗಮನ ಕಾಲದಿಂದ ಅದರ ಪಕ್ಕದಲ್ಲೇ ಒಂದು ಸಣ್ಣ ಅಂಗಡಿಯನ್ನೂ ತೆರೆಯಬೇಕು ಎಂಬ ಯೋಚನೆ ನಮ್ಮಲ್ಲಿ ಉಂಟು. ಎಡನೀರು ಸುತ್ತಮುತ್ತಲಿನ ನಮ್ಮ ಮನೆಗಳಲ್ಲಿ ಅಮ್ಮಂದಿರು ಮಾಡುವ ಹಲಸಿನ ಹಪ್ಪಳ, ಉಪ್ಪಿನಕಾಯಿ, ಕ್ರಿಸ್‌ಮಸ್‌ಗೆ ಕಿಡಿಯೊ, ನೆವ್ರಿ, ಗುಳಿಯೊ, ನಮ್ಮ ತಂಗಿಯರು ಪೋಣಿಸುವ ಜಪಮಾಲೆ ಇವೆಲ್ಲ ಬೆಂಗಳೂರಿನಲ್ಲೂ ಮುಂಬೈಯಲ್ಲೂ ಇರುವ ನಮ್ಮವರಿಗೆ ತಲುಪಬೇಕು ಎಂಬುದು ಆಸೆ. ತೋಟದ ಕೆಲಸ ಇಲ್ಲದ ತಿಂಗಳುಗಳಲ್ಲಿ ಈ ಹಣವೇ ಮಕ್ಕಳ ಫೀಸು, ಅಜ್ಜಿಯ ಔಷಧಿ ಆಗುವ ಮನೆಗಳು ನಮ್ಮಲ್ಲಿ ಇವೆ.

ಹಿರಿಯರು ಒಂದು ಪ್ರಶ್ನೆ ಕೇಳಿದರು: ದೇವರ ವಿಷಯ ಬರೆಯುವ ಜಾಗದಲ್ಲಿ ಉಪ್ಪಿನಕಾಯಿ ಮಾರುವುದು ಸರಿಯೇ? ಯೇಸುಸ್ವಾಮಿ ದೇವಾಲಯದ ಅಂಗಳದಿಂದ ವ್ಯಾಪಾರಿಗಳನ್ನು ಅಟ್ಟಿದ್ದು ನಮಗೆಲ್ಲ ಗೊತ್ತು. ಅದೇ ಬೈಬಲಿನಲ್ಲಿ ಸಂತ ಪೌಲರು ಕೊರಿಂಥದಲ್ಲಿ ಗುಡಾರ ಹೊಲಿದು ದುಡಿದದ್ದೂ ಉಂಟು, ಬೆಲೆಬಾಳುವ ಕೆನ್ನೀಲಿ ಬಟ್ಟೆ ಮಾರುತ್ತಿದ್ದ ಲಿಡಿಯಾ ತನ್ನ ಮನೆಯನ್ನೇ ಅವರಿಗೆ ತೆರೆದದ್ದೂ ಉಂಟು. ದುಡಿಮೆ ಪಾಪವಲ್ಲ. ಪ್ರಾರ್ಥನೆಗೆ ಬಂದವನನ್ನು ಗಿರಾಕಿಯಂತೆ ಕಂಡರೆ ಅದು ತಪ್ಪು. ಹಾಗಾದರೆ ಎರಡನ್ನೂ ಒಂದೇ ಮನೆಯಲ್ಲಿ ಹೇಗೆ ಇಡುವುದು?

ಈ ಪ್ರಶ್ನೆ ನಮ್ಮ ಕರಾವಳಿಗೆ ಹೊಸತಲ್ಲ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡಕ್ಕೇ ಸೇರಿತ್ತು. ಆ ಜಿಲ್ಲೆಯ ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್‌ನವರು ಬಂದರು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರತಂದರು. ಓದಿಸುವ ಕೆಲಸದ ಜೊತೆಗೇ ನೇಯ್ಗೆ ಬಂತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಆರಂಭಿಸಿದರು. ನಾವು ಕಥೋಲಿಕರು, ಅವರು ಪ್ರೊಟೆಸ್ಟಂಟರು. ಆದರೂ ಅವರಿಂದ ಎರಡು ಪಾಠ ಕಲಿಯಬಹುದು.

ಮೊದಲನೆಯದು ಗುರುತು. ಅವರ ಕಾರ್ಖಾನೆಯ ಹಂಚಿನ ಮೇಲೆ ಬಾಸೆಲ್ ಮಿಷನ್ ಎಂಬ ಹೆಸರು ಒತ್ತಿರುತ್ತಿತ್ತು. ಹಳೆಯ ಮನೆಯ ಮಾಡು ಬಿಚ್ಚುವಾಗ ಅಂಥ ಹಂಚು ಇಂದಿಗೂ ಸಿಗುತ್ತದೆ. ಪುಸ್ತಕ ಓದಿದವರಿಗೂ ಹಂಚು ಕೊಂಡವರಿಗೂ ಇದು ಯಾರದ್ದು ಎಂಬ ಸಂಶಯ ಬರುತ್ತಿರಲಿಲ್ಲ. ಎರಡನೆಯದು ಲೆಕ್ಕ. 1859ರಲ್ಲೇ ಅವರು ವ್ಯಾಪಾರಕ್ಕೆಂದು ಪ್ರತ್ಯೇಕ ಕಂಪನಿ ಮಾಡಿಕೊಂಡಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಆ ಉದ್ಯಮಗಳನ್ನು ವಶಪಡಿಸಿಕೊಂಡಿತು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈ ಸೇರಿದವು. ಅಂಗಡಿ ಹೋಯಿತು, ಸಭೆಗಳು ಉಳಿದವು.

ಮುಖ ಒಂದೇ, ಲೆಕ್ಕ ಬೇರೆ. ನಮ್ಮ ಯೋಜನೆಯೂ ಇಷ್ಟೇ.

ಮುಖ ಯಾಕೆ ಒಂದೇ ಇರಬೇಕು? ಅಂಗಡಿಗೆ ಬೇರೆ ಸೈಟು ಸಾಕು, ಸಿದ್ಧ ವಿನ್ಯಾಸ ಸಿಗುತ್ತದಲ್ಲ ಎಂದು ನಮ್ಮಲ್ಲೇ ಕೆಲವರು ಹೇಳಿದರು. ಆದರೆ ಯೋಚಿಸಿ. ದುಬೈಯಲ್ಲಿರುವ ಒಬ್ಬ ಅಂಕಲ್ ನಮ್ಮ ಹಬ್ಬದ ವರದಿ ಓದಿ, ಊರಿನ ಅಮ್ಮನಿಗೆ ಕುಸ್ವಾರ್ ಕಳಿಸೋಣ ಎಂದು ಒತ್ತಿದ ಕೂಡಲೇ ಬಣ್ಣ ಬೇರೆ, ಅಕ್ಷರ ಬೇರೆ, ಭಾಷೆ ಇಂಗ್ಲಿಷ್ ಆದರೆ ಏನು ಮಾಡುತ್ತಾರೆ? ಓಟಿಪಿ ಕೇಳಿ ಹಣ ಕದಿಯುವ ಈ ಕಾಲದಲ್ಲಿ ಅವರು ಪುಟ ಮುಚ್ಚುವುದೇ ಬುದ್ಧಿವಂತಿಕೆ. ಮೇಲಿನ ಪಟ್ಟಿ, ಬಣ್ಣ, ಅಕ್ಷರ ಎಲ್ಲ ಅದೇ ಇದ್ದರೆ ತಾವು ಇನ್ನೂ ನಮ್ಮ ಅಂಗಳದಲ್ಲೇ ಇದ್ದೇವೆ ಎಂದು ಅವರಿಗೆ ಗೊತ್ತಾಗುತ್ತದೆ.

ಮಾಡುವುದು ಕಷ್ಟವೇನಲ್ಲ. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಬ್ಲಾಗಿಗೆ ವೂಕಾಮರ್ಸ್ ಎಂಬ ಉಚಿತ ತಂತ್ರಾಂಶ ಸೇರಿಸಿದರೆ ಅಂಗಡಿ ಅದೇ ವಿಳಾಸದಲ್ಲಿ, ಅದೇ ವಿನ್ಯಾಸದೊಳಗೆ ಕೂರುತ್ತದೆ. ಉಳಿದದ್ದು ನಮ್ಮ ಶಿಸ್ತು. ಎರಡು ಬಣ್ಣ ಸಾಕು: ಒಂದು ತಲೆಬರಹಕ್ಕೆ, ಒಂದು ಗುಂಡಿಗೆ. ಎಲ್ಲ ಪುಟಕ್ಕೂ ಒಂದೇ ಕನ್ನಡ ಅಕ್ಷರ ವಿನ್ಯಾಸ, ಉದಾಹರಣೆಗೆ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ. ಸಿದ್ಧ ಗುಂಡಿಗಳು ಇಂಗ್ಲಿಷಿನ ಅಳತೆಗೆ ಮಾಡಿದವು. ಕನ್ನಡ ಹಾಕಿದರೆ ಕೆಳಗಿನ ಒತ್ತಕ್ಷರ ತುಂಡಾಗಬಹುದು. ಆದ್ದರಿಂದ ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಬೇಕು. 'ಬುಟ್ಟಿಗೆ ಹಾಕಿ', 'ಹಣ ಪಾವತಿಸಿ' ಎಂದು ನಮ್ಮ ಮಾತಿನಲ್ಲೇ ಬರೆಯಬೇಕು. ಮಲಯಾಳ ಓದುವ ನೆರೆಯವರಿಗಾಗಿ ವಸ್ತುವಿನ ಹೆಸರು ಆ ಲಿಪಿಯಲ್ಲೂ ಇರಲಿ. ಎಲ್ಲ ಫೋಟೋಗಳನ್ನು ಒಂದೇ ಬಗೆಯ ಬೆಳಕಿನಲ್ಲಿ, ಒಂದೇ ಅಳತೆಯಲ್ಲಿ ತೆಗೆಯೋಣ. ಆಗ ಯಾವ ಮನೆಯ ಹಪ್ಪಳವೂ ಇನ್ನೊಂದು ಮನೆಯದ್ದಕ್ಕಿಂತ ಕಳಪೆಯಾಗಿ ಕಾಣುವುದಿಲ್ಲ. ಕ್ಯಾಮೆರಾ ಚೆನ್ನಾಗಿರುವ ಮನೆಗೇ ಎಲ್ಲ ಆರ್ಡರ್ ಹೋಗಬಾರದು. ವಿನ್ಯಾಸ ಒಂದೇ ಇರುವುದು ನ್ಯಾಯದ ವಿಷಯವೂ ಹೌದು.

ಇನ್ನು ಲೆಕ್ಕ. ಅಂಗಡಿಯ ಬ್ಯಾಂಕ್ ಖಾತೆ ಬೇರೆ, ಧರ್ಮಕೇಂದ್ರದ ಕಾಣಿಕೆ ಬೇರೆ. ಮಾಡಿದವರಿಗೆ ಎಷ್ಟು, ಕಟ್ಟುವ ಮತ್ತು ಕಳಿಸುವ ಖರ್ಚು ಎಷ್ಟು ಎಂಬುದು ಪ್ರತಿ ವಸ್ತುವಿನ ಕೆಳಗೆ ಕಾಣಬೇಕು. ತಿಂಡಿ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಪೊಟ್ಟಣದ ಮೇಲೆ ಆ ಸಂಖ್ಯೆ, ಸಾಮಗ್ರಿ, ತೂಕ, ತಯಾರಿಸಿದ ದಿನ ಇರಬೇಕು. ಅರ್ಜಿ ತುಂಬಿಸಲು ಯುವಜನರು ಮನೆಗೆ ಬರುತ್ತೇವೆ.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿದೆ. ಮರಣದ ಸುದ್ದಿ, ಪ್ರಾರ್ಥನೆಯ ಕೋರಿಕೆ, ಶುಭಸಂದೇಶದ ಚಿಂತನೆ ಇರುವ ಪುಟಗಳಲ್ಲಿ ಅಂಗಡಿಯ ಒಂದು ಚಿತ್ರವೂ ಬರಬಾರದು. ಮೇಲಿನ ಪಟ್ಟಿಯಲ್ಲಿ 'ಅಂಗಡಿ' ಎಂಬ ಒಂದು ಪದ, ಅಷ್ಟೇ. ಬೇಕಾದವರು ಒತ್ತುತ್ತಾರೆ. ಕುಸ್ವಾರ್‌ನ ಹಳೆಯ ನೆನಪುಗಳ ಬಗ್ಗೆ ಯಾರಾದರೂ ಲೇಖನ ಬರೆದರೆ ಅದು ಲೇಖನವಾಗಿಯೇ ಇರಲಿ, ಕೊನೆಯಲ್ಲಿ ಬೆಲೆಪಟ್ಟಿ ಬೇಡ. ಗಂಡನನ್ನು ಕಳೆದುಕೊಂಡ ಒಬ್ಬ ಅಕ್ಕ ರಾತ್ರಿ ನಿದ್ದೆ ಬಾರದೆ ಕೀರ್ತನೆಯ ಚಿಂತನೆ ಓದಲು ಬಂದಾಗ ಅವಳಿಗೆ ನಾವು ಏನನ್ನೂ ಮಾರಬಾರದು. ಅದೇ ಅಕ್ಕ ಮರುದಿನ ತನ್ನ ಉಪ್ಪಿನಕಾಯಿ ಮಾರಲು ಬಂದರೆ ಅವಳಿಗೆ ನಮ್ಮಲ್ಲಿ ಒಳ್ಳೆಯ ಜಾಗ ಇರಬೇಕು.

ಬರುವ ಭಾನುವಾರ ಬಲಿಪೂಜೆಯ ನಂತರ ಈ ಬಗ್ಗೆ ಮಾತಾಡೋಣ. ಏನಾದರೂ ಮಾರಲು ಇರುವವರು ಒಂದು ಮಾದರಿ ತನ್ನಿ, ಆಕ್ಷೇಪ ಇರುವವರು ಅದನ್ನೂ ತಪ್ಪದೆ ತನ್ನಿ. ನಮ್ಮ ಕೈಗಳ ಕೆಲಸವನ್ನು ದೇವರು ಆಶೀರ್ವದಿಸಲಿ.