ಹಿಂದಿನ ಚಕ್ರದ ಮಾತು

ಕವಲಂದೆಯ ಸುತ್ತ ಗುಡ್ಡ ಅನ್ನುವಂಥದ್ದು ಕಮ್ಮಿ. ನಂಜನಗೂಡು ಬಿಟ್ಟ ರೈಲು ನರಸಾಂಬುಧಿ ದಾಟಿ ನಮ್ಮ ಸ್ಟೇಷನ್ನಿಗೆ ಬಂದು, ಬದನಗುಪ್ಪೆಯ ಕಡೆ ಹೊರಡುವ ತನಕ ಕಿಟಕಿಯಲ್ಲಿ ಹೊಲ, ತೆಂಗು, ಕೆರೆ, ಮತ್ತೆ ಹೊಲ. ಇಳಿಜಾರು ಅಂತ ಇಲ್ಲಿನ ಹುಡುಗರಿಗೆ ಮೊದಲು ಸಿಗುವುದೇ ಕೆರೆ ಏರಿ. ಏರಿಯ ಮೇಲೆ ಸೈಕಲ್ ನಿಲ್ಲಿಸಿಕೊಂಡು, ತೂಬಿನ ಪಕ್ಕದ ಕಾಲುದಾರಿ ನೋಡಿ, ಒಂದು ಸಲ ಉಸಿರೆಳೆದು ಬಿಟ್ಟರೆ ಗದ್ದೆ ಬಯಲಿನ ತನಕ ಪೆಡಲ್ ತುಳಿಯುವ ಕೆಲಸವಿಲ್ಲ. ಇಷ್ಟು ಚಿಕ್ಕ ಇಳಿಜಾರಿನಲ್ಲೂ ಒಂದು ವಿಷಯ ಗೊತ್ತಾಗಿಬಿಡುತ್ತದೆ. ಮುಂದಿನ ಚಕ್ರ ಎಲ್ಲಿಗೆ ಹೋಗಬೇಕೆಂದು ನಾವು ಹೇಳುತ್ತೇವೆ. ಹಿಂದಿನ ಚಕ್ರ ತಾನು ಎಲ್ಲಿ ಹಾದುಬಂದೆ ಅಂತ ನಮಗೆ ಹೇಳುತ್ತದೆ.

ಈ ಮಾತು ತೆಗೆಯಲು ಕಾರಣ ನಮ್ಮಕ್ಕನ ಮಗ. ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಬೆಟ್ಟದ ಸೈಕಲ್ಲಿನ ಆಸೆ ಹತ್ತಿದೆ. ಭಾನುವಾರ ಊರಿಗೆ ಬಂದವನು ಜಗಲಿಯ ಮೇಲೆ ಕೂತು, "ಮಾವ, ಹಾರ್ಡ್‌ಟೇಲ್ ತಕ್ಕೊಳ್ಳಲಾ, ಫುಲ್ ಸಸ್ಪೆನ್ಷನ್ ತಕ್ಕೊಳ್ಳಲಾ? ಇಳಿಜಾರಿಗೆ ಯಾವುದು ಸರಿ?" ಅಂದ. ಮುಂದಿನ ಫೋರ್ಕಿಗೆ ಮಾತ್ರ ಶಾಕ್ ಇದ್ದು ಹಿಂದೆ ಗಟ್ಟಿ ಫ್ರೇಮ್ ಇದ್ದರೆ ಅದು ಹಾರ್ಡ್‌ಟೇಲ್. ಹಿಂದಿನ ಚಕ್ರಕ್ಕೂ ಕೀಲು, ಸ್ಪ್ರಿಂಗ್, ಎಣ್ಣೆಯ ಶಾಕ್ ಇದ್ದರೆ ಫುಲ್ ಸಸ್ಪೆನ್ಷನ್. "ಕೂತ್ಕೊ ಕಣೋ, ಒಂದು ಮಾತಲ್ಲಿ ಹೇಳೋದಲ್ಲ ಇದು" ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಸಾವಕಾಶವಾಗಿ ಹೇಳುತ್ತೇನೆ.

ಎತ್ತಿನ ಗಾಡಿಗೂ ಮೈಸೂರಿನ ಜಟಕಾಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಎತ್ತಿನ ಗಾಡಿಯ ಅಚ್ಚಿನ ಮೇಲೆ ನೇರವಾಗಿ ಮರದ ಚೌಕಟ್ಟು. ಚಕ್ರ ಹಳ್ಳಕ್ಕೆ ಬಿದ್ದರೆ ಕೂತವನ ಬೆನ್ನುಮೂಳೆಯೂ ಬಿದ್ದಂತೆ. ಜಟಕಾದಲ್ಲಿ ಅಚ್ಚಿಗೂ ಪೆಟ್ಟಿಗೆಗೂ ನಡುವೆ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗ್. ಚಕ್ರ ತನ್ನ ಪಾಡಿಗೆ ಏರಿಳಿಯುತ್ತದೆ, ಸವಾರಿ ತನ್ನ ಪಾಡಿಗೆ ಸಾಗುತ್ತದೆ. ಆದರೆ ನಮ್ಮೂರ ಗಾಡಿಗಳ ಕುಲುಕಾಟ ನಿಜವಾಗಿ ಕಡಿಮೆಯಾದದ್ದು ಸ್ಪ್ರಿಂಗಿನಿಂದಲ್ಲ, ಟೈರಿನಿಂದ. ಮರದ ಚಕ್ರ ಹೋಗಿ ಟೈರ್ ಗಾಡಿ ಬಂದಾಗ ಕಬ್ಬು ಹೇರಿಕೊಂಡು ಹೋಗುವ ಎತ್ತಿಗೂ ಗಾಡಿ ಹೊಡೆಯುವವನಿಗೂ ಸಿಕ್ಕ ಸುಖ ಸಣ್ಣದಲ್ಲ. ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿ, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಸೈಕಲ್ಲಿನ ಮೊದಲ ಶಾಕ್ ಅಬ್ಸಾರ್ಬರ್ ಅಂದರೆ ಅದೇ, ಗಾಳಿ. ಅಕ್ಕನ ಮಗನಿಗೆ ನಾನು ಮೊದಲು ಹೇಳಿದ್ದೂ ಇದನ್ನೇ. ನಮ್ಮ ಕಡೆ ಟೈರಿಗೆ ಗಾಳಿ ಹಾಕಿ ಹೆಬ್ಬೆರಳಿನಲ್ಲಿ ಒತ್ತಿ, ಸ್ವಲ್ಪವೂ ಬಗ್ಗದಿದ್ದರೆ "ಈಗ ಸರಿ" ಅನ್ನುವುದು ರೂಢಿ. ಲೋಡ್ ಹೇರುವ ಸೈಕಲ್ಲಿಗೆ ಅದು ಸರಿಯೇ. ಆದರೆ ಎರಡೂಕಾಲು ಇಂಚು ಅಗಲದ ಬೆಟ್ಟದ ಟೈರಿಗೆ ಇಪ್ಪತ್ತರಿಂದ ಇಪ್ಪತ್ತೆಂಟು ಪಿ.ಎಸ್.ಐ. ಸಾಕು. ಅಷ್ಟರಲ್ಲಿ ಟೈರು ಕಲ್ಲನ್ನು ತಬ್ಬಿಕೊಂಡು ದಾಟುತ್ತದೆ. ಗಟ್ಟಿಯಾಗಿ ತುಂಬಿದರೆ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತದೆ, ಬೈಸಿಕೊಳ್ಳುವುದು ಮಾತ್ರ ಫ್ರೇಮು.

ಎರಡನೆಯ ಶಾಕ್ ಅಬ್ಸಾರ್ಬರ್ ನಮ್ಮ ಮೊಣಕಾಲು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವವರನ್ನು ನೋಡಿ. ಹ್ಯಾಂಡಲ್ಲಿಗೆ ಒಂದು ಕ್ಯಾನು, ಕ್ಯಾರಿಯರಿಗೆ ಒಂದು ಕ್ಯಾನು. ಹಂಪ್ ಬರುತ್ತಿದ್ದಂತೆ ಯಾರೂ ಹೇಳಿಕೊಡದೆ ಇಬ್ಬದಿಯ ಪೆಡಲನ್ನೂ ಒಂದೇ ಮಟ್ಟಕ್ಕೆ ತಂದು, ಸೀಟು ಬಿಟ್ಟು ಎದ್ದು ನಿಂತು, ಮೊಣಕಾಲು ಸಡಿಲ ಬಿಡುತ್ತಾರೆ. ಸೈಕಲ್ ಕೆಳಗೆ ಕುಣಿದರೂ ಸೊಂಟ ಕದಲುವುದಿಲ್ಲ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತ ತಲೆಮಾರಿಗೆ ಈ ವಿದ್ಯೆ ಮೈಗೂಡಿಯೇ ಬಂದಿತ್ತು. 2006-07ರಿಂದ ಕರ್ನಾಟಕ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳಿಗೂ ಗೇರಿರಲಿಲ್ಲ, ಶಾಕಿರಲಿಲ್ಲ. ಅವುಗಳ ಮೇಲೆ ಹಳ್ಳಿಯಿಂದ ಹೈಸ್ಕೂಲಿಗೆ ಹೋದ ಹೆಣ್ಣುಮಕ್ಕಳು, ಗಂಡುಮಕ್ಕಳು ಮಣ್ಣುದಾರಿಯ ಕೊರಕಲುಗಳನ್ನು ಹೀಗೇ ನಿಂತು ದಾಟಿದರು. ಬೆಟ್ಟದ ಸೈಕಲ್ ಕಲಿಸುವವರು ದುಡ್ಡು ತೆಗೆದುಕೊಂಡು ಹೇಳಿಕೊಡುವ ಮೊದಲ ಪಾಠ ಇದೇ: ಪೆಡಲ್ ಸಮ, ಮೊಣಕಾಲು ಬಾಗು, ಮೊಣಕೈ ಹೊರಗೆ, ಕಣ್ಣು ಚಕ್ರದ ಮೇಲಲ್ಲ, ಮುಂದಿನ ದಾರಿಯ ಮೇಲೆ.

ಡೌನ್‌ಹಿಲ್ ಅನ್ನುವ ಆಟ ಶುರುವಾದದ್ದೂ ಶಾಕ್ ಇಲ್ಲದ ಸೈಕಲ್ಲುಗಳಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಫ್ಯಾಕ್ಸ್ ಅನ್ನುವ ಊರಿನ ಹತ್ತಿರದ ಗುಡ್ಡದ ದಾರಿಯಲ್ಲಿ 1976ರ ಅಕ್ಟೋಬರ್ 21ರಂದು ಚಾರ್ಲಿ ಕೆಲ್ಲಿ ಮತ್ತು ಗೆಳೆಯರು ಒಂದು ಪಂದ್ಯ ಇಟ್ಟರು. ಮೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಸುಮಾರು ನಾಲ್ಕುನೂರು ಮೀಟರ್ ಇಳಿತ. ಸೈಕಲ್ಲುಗಳೋ, ಗುಜರಿಯಲ್ಲಿ ಸಿಕ್ಕ ದಪ್ಪ ಟೈರಿನ ಹಳೇ ಷ್ವಿನ್‌ಗಳು. ಪೆಡಲ್ ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೆ ಹಿಡಿಯುವ ಬ್ರೇಕು. ಕೆಳಗಿಳಿಯುವಷ್ಟರಲ್ಲಿ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಹಾಗಾಗಿ ಆ ದಾರಿಗೆ ರೀಪ್ಯಾಕ್ ಅಂತಲೇ ಹೆಸರು ಬಿತ್ತು. ಅದನ್ನು ಗ್ಯಾರಿ ಫಿಷರ್ ನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡಿನಲ್ಲಿ ಇಳಿದ. ಮುಂದೆ ಶಾಕಿಲ್ಲ, ಹಿಂದೆ ಶಾಕಿಲ್ಲ, ಸರಿಯಾದ ಬ್ರೇಕೂ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಆ ಹುಡುಗರ ಮೇಲೆ ಪ್ರೀತಿ ಉಕ್ಕುತ್ತದೆ.

ಪಾಲ್ ಟರ್ನರ್ ರೂಪಿಸಿದ ರಾಕ್‌ಶಾಕ್ಸ್ ಮುಂಫೋರ್ಕು ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಮರುವರ್ಷ ಕೊಲರಾಡೊದ ಡುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಕ್ರಾಸ್‌ಕಂಟ್ರಿ ಗೆದ್ದ ನೆಡ್ ಓವರೆಂಡ್, ಡೌನ್‌ಹಿಲ್ ಗೆದ್ದ ಗ್ರೆಗ್ ಹರ್ಬೋಲ್ಡ್ ಇಬ್ಬರ ಸೈಕಲ್ಲಿನಲ್ಲೂ ಅದೇ ಫೋರ್ಕು. ಅಲ್ಲಿಗೆ ಮುಂದಿನ ಚಕ್ರದ ವಾದ ಮುಗಿಯಿತು. ಹಿಂದಿನದರ ವಾದ ಇನ್ನೂ ಕೆಲವು ವರ್ಷ ಎಳೆಯಿತು. ಈಗ ವಿಶ್ವಕಪ್ ಡೌನ್‌ಹಿಲ್ಲಿನಲ್ಲಿ ಹಿಂದೆ ಮುಂದೆ ತಲಾ ಇನ್ನೂರು ಮಿಲಿಮೀಟರ್ ಆಸುಪಾಸು ಓಡಾಟವಿರುವ ಶಾಕುಗಳು.

ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳಿಯುವುದು ಒಂದಿದೆ. ಹಿಂದಿನ ಶಾಕ್ ಇರುವುದು ಸೊಂಟನೋವು ತಪ್ಪಿಸಲಿಕ್ಕೆ ಅಂತ. ಅಲ್ಲ, ಅದು ಇರುವುದು ಹಿಡಿತಕ್ಕೆ. ಹಾರ್ಡ್‌ಟೇಲಿನ ಹಿಂದಿನ ಚಕ್ರ ಕಲ್ಲಿಗೆ ಬಡಿದರೆ ಫ್ರೇಮು, ಸವಾರ ಎಲ್ಲರೂ ಸೇರಿ ಮೇಲೇಳಬೇಕು. ಚಕ್ರ ನೆಲ ಬಿಟ್ಟ ಆ ಕ್ಷಣ ಬ್ರೇಕ್ ಹಿಡಿದರೂ ಪ್ರಯೋಜನವಿಲ್ಲ; ಗಾಳಿಯಲ್ಲಿರುವ ಚಕ್ರ ನಿಂತುಹೋಗಿ, ಕೆಳಗಿಳಿದ ಮೇಲೆ ಜಾರುತ್ತದೆ. ಫುಲ್ ಸಸ್ಪೆನ್ಷನ್ನಿನಲ್ಲಿ ಚಕ್ರ ಮತ್ತು ಅದನ್ನು ಹಿಡಿದ ತೋಳು ಮಾತ್ರ ಏಳುತ್ತವೆ, ಶಾಕ್ ಕೂಡಲೇ ಅವನ್ನು ನೆಲಕ್ಕೆ ಒತ್ತುತ್ತದೆ. ಒತ್ತಿದ ಚಕ್ರಕ್ಕೆ ಬ್ರೇಕ್ ಹತ್ತುತ್ತದೆ, ತಿರುವು ಹತ್ತುತ್ತದೆ. ಕಲ್ಲಿನ ಮೇಲೆ ಕಲ್ಲು ಇರುವ ಕಡಿದಾದ ದಾರಿಯಲ್ಲಿ ಇದು ಬರೀ ವೇಗದ ಮಾತಲ್ಲ, ಜೀವದ ಮಾತು. ಇದನ್ನು ಒಪ್ಪದೆ ಹಾರ್ಡ್‌ಟೇಲೇ ಶ್ರೇಷ್ಠ ಅಂತ ಹಟ ಹಿಡಿಯುವವರ ಜೊತೆ ನಾನಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಡಿದಾದ ಕಡೆ ಮುಂದಿನ ಬ್ರೇಕ್ ಹಿಡಿದಾಗ ಹಾರ್ಡ್‌ಟೇಲಿನ ಮುಂಭಾಗ ಮಾತ್ರ ಕುಗ್ಗುತ್ತದೆ. ಫೋರ್ಕು ಇಪ್ಪತ್ತು ಮಿಲಿಮೀಟರ್ ಒಳಗೆ ಹೋದರೆ ಹ್ಯಾಂಡಲ್ಲಿನ ಕೆಳಗಿನ ಕೊಳವೆ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ. ಅಂದರೆ ಸೈಕಲ್ ಸ್ಥಿರವಾಗಿರಬೇಕಾದ ಹೊತ್ತಿಗೇ ಚಂಚಲವಾಗುತ್ತದೆ, ಸವಾರನ ಭಾರ ಮುಂದಕ್ಕೆ ಜಾರುತ್ತದೆ. ಎರಡೂ ಕಡೆ ಶಾಕ್ ಇದ್ದರೆ ಸೈಕಲ್ ಇಡಿಯಾಗಿ ತಗ್ಗುವುದರಿಂದ ಈ ಬದಲಾವಣೆ ಕಮ್ಮಿ. ಅದಕ್ಕೇ ಹಾರ್ಡ್‌ಟೇಲಿಗೆ ಉದ್ದ ಓಡಾಟದ ಫೋರ್ಕು ಹಾಕಿಸಿಬಿಟ್ಟರೆ ಡೌನ್‌ಹಿಲ್ ಸೈಕಲ್ ಆಗುತ್ತದೆ ಅನ್ನುವುದು ಸುಳ್ಳು. ನೂರಿಪ್ಪತ್ತರಿಂದ ನೂರನಲವತ್ತು ಮಿಲಿಮೀಟರಿಗೆ ನಿಲ್ಲಿಸುವುದು ಮೇಲು.

ಈಗ ಒಂದು ಕೋಪದ ಮಾತು. ಪೇಟೆಯ ಅಂಗಡಿಗಳಲ್ಲಿ ಹತ್ತು ಹನ್ನೆರಡು ಸಾವಿರಕ್ಕೆ "ಡಬಲ್ ಶಾಕ್" ಅಂತ ಬಣ್ಣಬಣ್ಣದ ಸೈಕಲ್ಲು ನಿಂತಿರುತ್ತವಲ್ಲ, ಮಕ್ಕಳು ಅದೇ ಬೇಕು ಅಂತ ಅಳುತ್ತವೆ, ಅಪ್ಪಂದಿರು ಸಾಲ ಮಾಡಿ ಕೊಡಿಸುತ್ತಾರೆ. ಅದರ ಹಿಂದೆ ಇರುವುದು ಬರೀ ಸುರುಳಿ ಸ್ಪ್ರಿಂಗು. ನಿಜವಾದ ಶಾಕಿನೊಳಗೆ ಎಣ್ಣೆ ಇರುತ್ತದೆ. ಆ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗುವಾಗ ಹೊಡೆತದ ಶಕ್ತಿ ಶಾಖವಾಗಿ ಕಳೆಯುತ್ತದೆ. ಎಣ್ಣೆಯಿಲ್ಲದ ಸ್ಪ್ರಿಂಗು ತೆಗೆದುಕೊಂಡ ಹೊಡೆತವನ್ನೆಲ್ಲ ಹಾಗೇ ವಾಪಸು ಕೊಡುತ್ತದೆ, ಇಳಿಜಾರಿನಲ್ಲಿ ಮಗುವನ್ನು ಸೀಟಿನಿಂದ ಎತ್ತಿ ಒಗೆಯುತ್ತದೆ. ಏರಿನಲ್ಲಿ ತುಳಿದ ಅರ್ಧ ಬಲವನ್ನು ತಾನೇ ನುಂಗುತ್ತದೆ. ಆರು ತಿಂಗಳಲ್ಲಿ ಕೀಲಿನ ಬುಷ್ ಸವೆದು ಹಿಂದಿನ ಚಕ್ರ ಅತ್ತ ಇತ್ತ ಆಡುತ್ತದೆ. ಆ ದುಡ್ಡಿಗೆ ಶಾಕೇ ಇಲ್ಲದ ಗಟ್ಟಿ ಸೈಕಲ್ಲು ನೂರುಪಾಲು ಒಳ್ಳೆಯದು. ತಂದೆತಾಯಂದಿರಲ್ಲಿ ಕೈಮುಗಿದು ಹೇಳುವ ಮಾತಿದು.

ಒಳ್ಳೆಯ ಫುಲ್ ಸಸ್ಪೆನ್ಷನ್ನಿಗೆ ಲಕ್ಷಗಳ ಲೆಕ್ಕ. ಕೊಂಡ ಮೇಲೂ ಬಿಡದು. ಸುಮಾರು ಐವತ್ತು ಗಂಟೆ ಓಡಿಸಿದ ಮೇಲೆ ಫೋರ್ಕಿನ ಕೆಳಕಾಲು ಬಿಚ್ಚಿ ಎಣ್ಣೆ, ಸೀಲು ನೋಡಬೇಕು. ಹಿಂದಿನ ಶಾಕಿಗೂ ಅದೇ ಉಪಚಾರ. ಕೀಲುಗಳಲ್ಲಿ ಬೇರಿಂಗುಗಳಿವೆ, ನಮ್ಮ ಕೆಂಪು ದೂಳು ಅವನ್ನು ಬೇಗ ತಿನ್ನುತ್ತದೆ. ಸವಾರನ ತೂಕಕ್ಕೆ ಗಾಳಿ ಹೊಂದಿಸಿ, ಸುಮ್ಮನೆ ನಿಂತರೆ ಶಾಕು ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಕುಗ್ಗುವಂತೆ ಮಾಡಿಕೊಳ್ಳಬೇಕು. ಇಷ್ಟನ್ನೂ ಮಾಡಬಲ್ಲ ಕೈ ಕವಲಂದೆಯಲ್ಲಿ ಸಿಗುವುದಿಲ್ಲ. ಹಾರ್ಡ್‌ಟೇಲಾದರೆ ಫೋರ್ಕು ಬಿಟ್ಟು ಮಿಕ್ಕದ್ದನ್ನೆಲ್ಲ ನಮ್ಮ ಪಂಕ್ಚರ್ ಅಂಗಡಿಯಣ್ಣನೇ ನೋಡಿಕೊಳ್ಳುತ್ತಾನೆ. ಪಂಕ್ಚರ್ ಅಂದೆನಲ್ಲ, ಜಾಲಿಮುಳ್ಳಿನ ಸೀಮೆಯಿದು. ಟ್ಯೂಬ್ ತೆಗೆಸಿ, ಟೈರಿನೊಳಗೆ ತೂತು ಮುಚ್ಚುವ ದ್ರವ ಹಾಕಿಸಿಕೊಳ್ಳದೆ ಏರಿ ಮೇಲೂ ಹೋಗಬೇಡ ಅಂದಿದ್ದೇನೆ ಅವನಿಗೆ.

ಹಾಗಾಗಿ ನನ್ನ ತೀರ್ಪು: ಮೊದಲ ಸೈಕಲ್ಲು ಹಾರ್ಡ್‌ಟೇಲ್. ದುಡ್ಡು ಸುರಿಯುವುದಾದರೆ ಮೊದಲು ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ, ಆಮೇಲೆ ಟೈರಿಗೆ, ಆಮೇಲೆ ಎಣ್ಣೆಯ ಡ್ಯಾಂಪರಿರುವ ಫೋರ್ಕಿಗೆ, ಆಮೇಲೆ ಹ್ಯಾಂಡಲ್ಲಿನ ಗುಂಡಿ ಒತ್ತಿದರೆ ಸೀಟು ತಗ್ಗುವ ಡ್ರಾಪರಿಗೆ. ಶಾಕಿಲ್ಲದ ಹಿಂದಿನ ಚಕ್ರ ನಾವು ಆರಿಸಿಕೊಂಡ ದಾರಿಯ ಲೆಕ್ಕವನ್ನು ಕೂಡಲೇ ಒಪ್ಪಿಸುತ್ತದೆ. ಎಲ್ಲಿ ಭಾರ ಹಗುರ ಮಾಡಬೇಕಿತ್ತು, ಎಲ್ಲಿ ಬ್ರೇಕ್ ಬಿಡಬೇಕಿತ್ತು ಅಂತ ಕಾಲಿಗೆ ತಿಳಿಯುತ್ತದೆ. ಫುಲ್ ಸಸ್ಪೆನ್ಷನ್ನಿನಲ್ಲೇ ಕಲಿತವನಿಗೆ ಆ ವರದಿ ಮಂಕಾಗಿ ಬರುತ್ತದೆ, ಅಷ್ಟರಲ್ಲಿ ವೇಗ ಅವನ ಕೈಮೀರಿರುತ್ತದೆ. ಕಲಿತ ಮೇಲೆ, ಕಡಿದಾದ ಕಲ್ಲುದಾರಿ ಖಾಯಂ ಸಿಗುವಂತಾದರೆ, ಸಾಲ ಮಾಡಿಯಾದರೂ ಫುಲ್ ಸಸ್ಪೆನ್ಷನ್ ತೆಗೆದುಕೊಳ್ಳಲಿ, ನಾನೇ ಜಾಮೀನು ನಿಲ್ಲುತ್ತೇನೆ.

"ದಾರಿ ಎಲ್ಲಿ ಮಾವ?" ಅಂದ. ಕಷ್ಟದ ಪ್ರಶ್ನೆ ಅದು. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಬಂಡೀಪುರದೊಳಗಿದೆ. ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಹತ್ತಬೇಕು, ಅದು ಆನೆಗಳ ಜಾಗ, ಹಾಗೇ ಇರಬೇಕು. ಬಿಳಿಗಿರಿರಂಗನ ಬೆಟ್ಟವೂ ಹುಲಿಗಳದ್ದು. ಇನ್ನು ಚಾಮುಂಡಿ ಬೆಟ್ಟ. ಚಿಲಿ ದೇಶದ ವಾಲ್ಪರೈಸೊದಲ್ಲಿ ಬೀದಿಯ ಮೆಟ್ಟಿಲುಗಳ ಮೇಲೇ ಡೌನ್‌ಹಿಲ್ ಪಂದ್ಯ ನಡೆಸುತ್ತಾರೆ. ಅದರ ವಿಡಿಯೋ ನೋಡಿದ ಹುಡುಗರಿಗೆ ನಮ್ಮ ಸಾವಿರ ಮೆಟ್ಟಿಲು ಕಣ್ಣಿಗೆ ಬೀಳುತ್ತದೆ. ಅದು ಕೂಡದು. ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ, ಬಗ್ಗಿಕೊಂಡೇ ಹತ್ತುವ ತಾಯಂದಿರಿದ್ದಾರೆ ಅಲ್ಲಿ. ಅವರ ಎದುರಿಗೆ ಮೇಲಿಂದ ಸೈಕಲ್ ಬಿಡುವುದು ಯಾವ ಶಾಕಿನಿಂದಲೂ ಸರಿಹೋಗದ ತಪ್ಪು.

ಬೆಂಗಳೂರಿನವರಿಗೆ ತುರಹಳ್ಳಿಯ ಬಂಡೆಗಳಿವೆ, ಆವಲಹಳ್ಳಿಯ ಕಾಡುದಾರಿಯಿದೆ. ಗದಗಿನವರು ಬಿಂಕದಕಟ್ಟಿಯ ಗುಡ್ಡದಲ್ಲಿ ರಾಷ್ಟ್ರಮಟ್ಟದ ಬೆಟ್ಟದ ಸೈಕಲ್ ಸ್ಪರ್ಧೆಯನ್ನೇ ನಡೆಸಿ ತೋರಿಸಿದ್ದಾರೆ. ನಮ್ಮ ಕಡೆ ಏನಿದೆ ಅಂದರೆ, ಚಾಮರಾಜನಗರದ ಸುತ್ತ ಕರಿಕಲ್ಲು ತೆಗೆದು ಕೈಬಿಟ್ಟ ಕ್ವಾರಿಗಳಿವೆ. ವೇಲ್ಸ್‌ನ ಬ್ಲೈನಾಯ್ ಫೆಸ್ಟಿನಿಯೋಗ್‌ನಲ್ಲಿ ಹಲಗೆಕಲ್ಲಿನ ಗಣಿಗಳು ಮುಚ್ಚಿ ಊರು ಸೊರಗಿತ್ತು. ಅಲ್ಲಿನ ಜನ ಆಂಟರ್ ಸ್ಟಿನಿಯೋಗ್ ಅಂತ ಸಂಸ್ಥೆ ಕಟ್ಟಿಕೊಂಡು ಅದೇ ಕಲ್ಲಿನ ರಾಶಿಗಳ ಪಕ್ಕ ಡೌನ್‌ಹಿಲ್ ದಾರಿಗಳನ್ನು ಕಡಿದು, 2012ರಲ್ಲಿ ತೆರೆದರು. ಸೈಕಲ್ಲುಗಳನ್ನು ವ್ಯಾನಿನಲ್ಲಿ ಮೇಲಕ್ಕೆ ಸಾಗಿಸುವ ಕೆಲಸದಿಂದ ಹಿಡಿದು ಕಾಫಿ ಮಾರುವ ತನಕ ಊರಿನವರಿಗೆ ಒಂದಷ್ಟು ದುಡಿಮೆ ಸಿಕ್ಕಿತು.

ಇಲ್ಲಿ ಅದನ್ನೇ ಮಾಡಬೇಕಾದರೆ ಮೊದಲು ನೀರು ನಿಂತ ಗುಂಡಿಗಳಿಗೆ ಬೇಲಿ ಆಗಬೇಕು, ಸಡಿಲ ಬಂಡೆಗಳನ್ನು ಇಳಿಸಬೇಕು, ಗಣಿ ಇಲಾಖೆ, ಪಂಚಾಯಿತಿ ಎರಡೂ ಒಪ್ಪಬೇಕು. ಕ್ವಾರಿಯಲ್ಲಿ ಕೆಲಸ ಮಾಡಿದವರಿಗೇ ದಾರಿ ಕಡಿಯುವ ಕೂಲಿ ಕೊಡಬೇಕು. ಯಾವ ಕಲ್ಲು ನಿಲ್ಲುತ್ತದೆ, ಯಾವುದು ಜಾರುತ್ತದೆ ಅಂತ ಅವರಷ್ಟು ಬಲ್ಲವರಿಲ್ಲ. ಒಂದು ದಾರಿ ಹಾರ್ಡ್‌ಟೇಲಿನ ಹುಡುಗರಿಗೆ ಮಟ್ಟಸವಾಗಿ, ಇನ್ನೊಂದು ಎರಡು ಶಾಕಿನವರಿಗೆ ಒರಟಾಗಿ. ಮುಂದಿನ ಗ್ರಾಮಸಭೆಯಲ್ಲಿ ಈ ಅರ್ಜಿ ಇಡೋಣ ಅಂತ ಅಕ್ಕನ ಮಗನೂ ನಾನೂ ಕೂತು ಬರೆಯಲು ಶುರುಮಾಡಿದ್ದೇವೆ.