ಫ್ಯಾಂಟಮ್‌ನ ಮಗಳು

ಕೆಮ್ಮಣ್ಣುಗುಂಡಿಯ ಮಳೆಗಾಲದಲ್ಲಿ ಮಂಜು ಕಿಟಕಿಗೆ ಬಂದು ಕೂತರೆ ಹೊರಗೆ ಕಾಲಿಡುವಂತಿರಲಿಲ್ಲ. ಕನ್ನಡದಲ್ಲೂ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸೇ ನಮಗೆ ಗತಿ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಡಯಾನಾಳನ್ನು ಮದುವೆಯಾದದ್ದು 1977ರಲ್ಲಿ. ವಿಶ್ವಸಂಸ್ಥೆಯಲ್ಲಿ ದುಡಿಯುವ ಹೆಣ್ಣು ನಲವತ್ತೊಂದು ವರ್ಷ ಕಾದಳು! (ನಮ್ಮ ಮನೆಗಳಲ್ಲಾಗಿದ್ದರೆ ಸುಮ್ಮನಿರುತ್ತಿದ್ದರೇ?) ಅವಳಿ ಮಕ್ಕಳಾದರೂ ಮುಖವಾಡ ಮಾತ್ರ ತಂದೆಯಿಂದ ಮಗನಿಗೇ ಎಂಬುದು ಫಾಕ್ ಹಾಕಿದ ಕಟ್ಟಳೆ. ಹಿಂದೊಮ್ಮೆ ಸೋದರಿ ಜೂಲಿ ತೊಟ್ಟದ್ದೂ ತಾತ್ಕಾಲಿಕವಾಗಿ.

1999ರಲ್ಲಿ ಫಾಕ್ ತೀರಿಕೊಂಡ ಮೇಲೆ ಲೇಖನಿ ಟೋನಿ ಡಿಪಾಲ್ ಕೈಗೆ ಬಂತು. ಡಯಾನಾ ಸತ್ತಳೆಂದು ನಂಬಿಸಿ, ಅವಳನ್ನು ಸೆರೆಮನೆಯಲ್ಲಿ ನರಳಿಸಿದ್ದು ನನಗೆ ಹಿಡಿಸಲಿಲ್ಲ. ಆದರೆ ಮಗಳು ಹೆಲೋಯಿಸ್‌ಳನ್ನು ಓದಲು ನ್ಯೂಯಾರ್ಕಿಗೆ ಕಳಿಸಿ, ಭಯೋತ್ಪಾದಕನೊಬ್ಬನನ್ನು ಅವಳೇ ಹಿಡಿಯುವಂತೆ ಬರೆದವನೂ ಈತನೇ. ತರಗತಿಯಲ್ಲಿ ಈ ಕತೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಹಾಗಾದರೆ ಪಟ್ಟ ಅವಳಿಗೇ ತಾನೇ, ಮಿಸ್?"