ರಾಸ್ ಅಲ್ ಖೋರ್‌ನಲ್ಲಿ 27ನೇ ದಿನ

ಜುಲೈ ತಿಂಗಳ ಒಂದು ಬೆಳಗ್ಗೆ, ಆರು ಗಂಟೆಯ ಹತ್ತಿರ. ದುಬೈನ ಕರಾಮಾದಿಂದ ಹೊರಟ ಕಂಪನಿ ವ್ಯಾನು ರಾಸ್ ಅಲ್ ಖೋರ್ ರಸ್ತೆ ಹಿಡಿದಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತವರು ನೀವು. ಓದುತ್ತಿರುವವರು ಗಂಡಸಾದರೂ ಅಡ್ಡಿಯಿಲ್ಲ. ಇವತ್ತೊಂದು ದಿನ ಪುತ್ತೂರು ಕಡೆಯ, ಮೂವತ್ತು ದಾಟಿದ, ಹಣ್ಣಿನ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಹೆಂಗಸಾಗಿ ನೋಡಿ. ಕಳೆದ ಸಲ ಮುಟ್ಟಾದ ದಿನದಿಂದ ಎಣಿಸಿದರೆ ಇವತ್ತು 27ನೇ ದಿನ.

ರಸ್ತೆಯ ಬದಿಯಲ್ಲಿ ದುಬೈ ಕ್ರೀಕ್ ಬಂದು ಮುಗಿಯುವ ಕೆಸರು ಬಯಲು, ಕಾಂಡ್ಲಾ ಗಿಡಗಳ ಹಸಿರು, ಅದರಾಚೆ ಧೂಳಿನಲ್ಲಿ ಅರ್ಧ ಮರೆಯಾದ ಬುರ್ಜ್ ಖಲೀಫಾ. 2007ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಕ್ಷಿಧಾಮ ಇದು. ಚಳಿಗಾಲದಲ್ಲಿ ಫ್ಲೆಮಿಂಗೊಗಳ ದಂಡೇ ಇಳಿಯುತ್ತದೆ, ಈಗ ಅಷ್ಟಿಲ್ಲ. ಬೇರೆ ದಿನವಾದರೆ ಇದ್ದ ನಾಲ್ಕನ್ನಾದರೂ ಹುಡುಕಿ ನೋಡುತ್ತಿದ್ದಿರಿ. ಇವತ್ತು ಮನಸ್ಸಿಲ್ಲ. ಎದೆ ಭಾರ. ಲಾಡಿ ನಿನ್ನೆಯ ಜಾಗಕ್ಕೇ ಕಟ್ಟಿದರೂ ಹೊಟ್ಟೆ ಬಿಗಿ. ರೇಡಿಯೋದಲ್ಲಿ ಯಾರೋ ಸುಮ್ಮಸುಮ್ಮನೆ ನಗುತ್ತಿರುವುದು ಕೇಳಿದರೆ ಸಿಟ್ಟು.

“ಎಂತ ಅಕ್ಕಾ, ಇವತ್ತು ಮಾತೇ ಇಲ್ಲ?” ಕಾಸರಗೋಡಿನ ಡ್ರೈವರ್ ಕನ್ನಡಿಯಲ್ಲಿ ನೋಡಿ ಕೇಳುತ್ತಾನೆ.

“ಎಂತ ಇಲ್ಲ ಮಾರಾಯ, ರಾತ್ರಿ ನಿದ್ರೆ ಸರಿಯಾಗ್ಲಿಲ್ಲ.”

ಅದು ಸುಳ್ಳೂ ಅಲ್ಲ. ಪರದೆ ಕಟ್ಟಿ ನಾಲ್ಕು ಮಂಚ ಹಾಕಿದ ಬೆಡ್ ಸ್ಪೇಸ್‌ನಲ್ಲಿ ಉಳಿದ ಮೂವರು ಎ.ಸಿ.ಗೆ ಹೊದ್ದು ಮಲಗಿದ್ದರು, ಸೆಖೆ ಆದದ್ದು ನಿಮಗೊಬ್ಬರಿಗೆ. ಅಂಡ ಬಿಡುಗಡೆಯಾದ ಮೇಲೆ ಮೈಯಲ್ಲಿ ಪ್ರೊಜೆಸ್ಟರಾನ್ ಏರುತ್ತದೆ. ಅದು ದೇಹದ ಉಷ್ಣವನ್ನು ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಮೇಲೆತ್ತುತ್ತದೆ. ಮುಟ್ಟಿನ ಹೊತ್ತಿಗೆ ಉಷ್ಣ ಮತ್ತೆ ಇಳಿಯುತ್ತದೆ. ಅರ್ಧ ಡಿಗ್ರಿ ಏನು ಮಹಾ ಎನ್ನಬೇಡಿ. ನಿದ್ದೆ ಹತ್ತಬೇಕಾದರೆ ಮೈ ಸ್ವಲ್ಪ ತಂಪಾಗಲೇಬೇಕು.

ವ್ಯಾನು ಇಂಡಸ್ಟ್ರಿಯಲ್ ಏರಿಯಾ 3ರ ಅವೀರ್ ಹಣ್ಣು-ತರಕಾರಿ ಮಾರುಕಟ್ಟೆಯ ಒಳಗೆ ತಿರುಗುತ್ತದೆ. ನಸುಕಿನಿಂದಲೇ ವ್ಯಾಪಾರ ಬಿರುಸು. ಪಾಕಿಸ್ತಾನದ ಚೌಸಾ ಮಾವಿನ ಪೆಟ್ಟಿಗೆ, ಊರಿನ ಈರುಳ್ಳಿ ಗೋಣಿ, ಫಿಲಿಪೈನ್ಸ್‌ನ ಬಾಳೆಹಣ್ಣು, ಕೈಗಾಡಿ ತಳ್ಳುವವರ ಕೂಗು. ಕಣ್ಣು ಹಾಯಿಸಿದಲ್ಲೆಲ್ಲ ಗಂಡಸರು. ದಿನವೂ ಮೂಗಿಗೆ ಒಗ್ಗಿದ್ದ ಕೊಳೆತ ಈರುಳ್ಳಿಯ ವಾಸನೆ ಇವತ್ತು ಹೊಟ್ಟೆ ತೊಳಸುತ್ತದೆ. ಮಾಲು ಲೆಕ್ಕ ಹಾಕಲು ಕೋಲ್ಡ್ ಸ್ಟೋರೇಜ್‌ಗೆ ಹೋಗಬೇಕು. ಬಾಳೆಯ ಕೋಣೆ 13–14 ಡಿಗ್ರಿ, ಸೇಬಿನ ಕೋಣೆ ಸೊನ್ನೆಯ ಹತ್ತಿರ, ಹೊರಗೆ ಹತ್ತು ಗಂಟೆಗೇ ನಲವತ್ತು. ಒಳಗೆ ಹೋದರೆ ಸೊಂಟ ಹಿಡಿಯುತ್ತದೆ, ಹೊರಗೆ ಬಂದರೆ ತಲೆ ಸುತ್ತುತ್ತದೆ.

ಜಗಳ ಆದದ್ದು ಮಾವಿನ ಲೋಡಿನ ಮೇಲೆ. ಚೀಟಿಯಲ್ಲಿ 480 ಪೆಟ್ಟಿಗೆ, ನೀವು ಎಣಿಸಿದ್ದು 440. “ನೀವೇ ತಪ್ಪಿ ಎಣಿಸಿರಬೇಕು ಮೇಡಂ” ಎನ್ನುತ್ತಾನೆ ಮಾಲು ತಂದವನು. ಬೇರೆ ದಿನ ನಕ್ಕು, “ಬನ್ನಿ, ಒಟ್ಟಿಗೆ ಎಣಿಸೋಣ” ಅನ್ನುತ್ತಿದ್ದ ನೀವು ಇವತ್ತು ಚೀಟಿಯನ್ನು ಮೇಜಿನ ಮೇಲೆ ಕುಕ್ಕುತ್ತೀರಿ. ಗಂಟಲು ನಿಮಗೇ ಆಶ್ಚರ್ಯವಾಗುವಷ್ಟು ಏರುತ್ತದೆ. ಹಿಂದಿನಿಂದ ಯಾರೋ ಹಿಂದಿಯಲ್ಲಿ, ಮೇಡಂ ಇವತ್ತು ಗರಂ ಎನ್ನುತ್ತಾರೆ. ಇನ್ನೊಬ್ಬ ದನಿ ತಗ್ಗಿಸಿ, ತಾರೀಕು ಬಂದಿರಬೇಕು ಎನ್ನುತ್ತಾನೆ. ಕಿಸಕ್ಕನೆ ನಗು.

ಮತ್ತೆ ಎಣಿಸುತ್ತಾರೆ. 440. ನಕ್ಕವರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ತಾಳ್ಮೆ ತೆಳುವಾಗಿದ್ದದ್ದು ನಿಜ, ನಿಮ್ಮ ಎಣಿಕೆ ಸರಿಯಿದ್ದದ್ದೂ ಅಷ್ಟೇ ನಿಜ. ಮುಟ್ಟಿನ ಮುಂಚಿನ ದಿನಗಳಲ್ಲಿ ಪ್ರೊಜೆಸ್ಟರಾನ್ ಮತ್ತು ಈಸ್ಟ್ರೊಜನ್ ಎರಡೂ ದಡದಡ ಇಳಿಯುತ್ತವೆ. ಪ್ರೊಜೆಸ್ಟರಾನ್‌ನಿಂದ ಮಿದುಳಿನಲ್ಲಿ ತಯಾರಾಗುವ ಅಲೊಪ್ರೆಗ್ನನಲೋನ್ ಎಂಬ ವಸ್ತುವಿಗೆ ನರಗಳನ್ನು ಶಾಂತಗೊಳಿಸುವ ಗುಣವಿದೆ, ಅದೂ ಅದರ ಜೊತೆಗೆ ಇಳಿಯುತ್ತದೆ. ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್‌ನ ಕೆಲಸದಲ್ಲೂ ಏರುಪೇರಾಗುತ್ತದೆ. ಆದರೆ ಬುದ್ಧಿ? 2025ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದು ಹೊರಬಂತು. ನೆನಪು, ಗಮನ, ತರ್ಕಗಳು ತಿಂಗಳ ದಿನಕ್ಕೆ ತಕ್ಕಂತೆ ಏರಿಳಿಯುತ್ತವೆ ಎನ್ನಲು ಗಟ್ಟಿ ಆಧಾರ ಅದರಲ್ಲಿ ಸಿಗಲಿಲ್ಲ. ಸಿಡುಕು ಬಂದವಳ ಲೆಕ್ಕ ತಪ್ಪೇ ಇರಬೇಕೆಂದಿಲ್ಲ.

ಹನ್ನೊಂದಕ್ಕೆ ಕರಕ್ ಚಹಾ ಬರುತ್ತದೆ. ಒಂದು ಪರೋಟ ಸಾಕೆಂದುಕೊಂಡವರು ಎರಡು ತಿಂದು, ಮೇಲೊಂದು ಚಾಕೊಲೇಟ್ ಮುಗಿಸುತ್ತೀರಿ. ಚಹಾದ ಲೋಟ ಮಗುಚಿ ಎರಡು ಬಿಲ್ಲು ಒದ್ದೆಯಾಗುತ್ತವೆ. ಅಷ್ಟಕ್ಕೇ ಕಣ್ಣು ತುಂಬಿ ಬರುತ್ತದೆ. ಯಾರಿಗೂ ಕಾಣದಂತೆ ಅತ್ತು ಬರೋಣವೆಂದರೆ ಹೆಂಗಸರ ಶೌಚಾಲಯ ಕಟ್ಟಡದ ಆ ತುದಿಯಲ್ಲಿದೆ. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಬಿಸಿಲು.

ಮಧ್ಯಾಹ್ನ ಹನ್ನೆರಡೂವರೆಗೆ ಹೊರಗಿನ ಕೆಲಸ ನಿಲ್ಲುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಹನ್ನೆರಡೂವರೆಯಿಂದ ಮೂರು ಗಂಟೆವರೆಗೆ ಬಯಲಿನ ಬಿಸಿಲಲ್ಲಿ ಆಳುಗಳಿಂದ ಕೆಲಸ ಮಾಡಿಸುವಂತಿಲ್ಲ ಎಂಬುದು ಇಲ್ಲಿನ ಕಟ್ಟಳೆ. ಎದುರಿನ ನೆರಳಿನಲ್ಲಿ ಹಮಾಲರು ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿಕೊಂಡು ಅಡ್ಡಾಗಿದ್ದಾರೆ. ಮೈಗೊಂದು ಮಿತಿಯಿದೆ ಎಂದು ಸರ್ಕಾರ ಒಪ್ಪಿದರೆ ವ್ಯಾಪಾರವೇನೂ ನಿಂತುಹೋಗುವುದಿಲ್ಲ ಎಂಬುದನ್ನು ನೀವು ಕಿಟಕಿಯಿಂದಲೇ ನೋಡುತ್ತೀರಿ.

ಸಂಜೆ ಕೋಣೆಗೆ ಮರಳಿ ಊರಿಗೆ ಫೋನು ಮಾಡುತ್ತೀರಿ. ಅಲ್ಲಿ ಆಟಿ ತಿಂಗಳ ಮಳೆ. ಹೆಂಚಿನ ಮೇಲೆ ನೀರು ಸುರಿಯುವ ಸದ್ದು ಕೇಳುತ್ತದೆ.

“ಎಂತ ಮಗಾ, ಸ್ವರ ಯಾಕೆ ಹೀಗುಂಟು?”

“ಎಂತ ಇಲ್ಲಮ್ಮ. ಸುಮ್ಮನೆ ಅಳು ಬರ್ತದೆ.”

“ಡೇಟ್ ಹತ್ತಿರ ಬಂತಾ?”

“ನಾಳೆ ನಾಡಿದ್ದರಲ್ಲಿ.”

“ಹಾಗಾದ್ರೆ ಅದೇ. ಜೀರಿಗೆ ಕಷಾಯ ಮಾಡಿ ಕುಡಿ. ಫೋನ್ ನೋಡ್ತಾ ಕೂರ್ಬೇಡ, ಮಲಗು.”

ಬೆಳಗ್ಗೆ ಮಾರುಕಟ್ಟೆಯಲ್ಲಿ ಕೇಳಿದ ತಾರೀಕಿನ ಮಾತೇ ಇದು. ಅಲ್ಲಿ ಅದು ನಿಮ್ಮ ಬಾಯಿ ಮುಚ್ಚಿಸಲು ಬಂದಿತ್ತು, ಇಲ್ಲಿ ಮೈ ವಿಚಾರಿಸಲು ಬಂದಿದೆ. ಅಮ್ಮನ ಕಾಲದಲ್ಲಿ ಮೂರು ದಿನ ಹೊರಗೆ ಕೂರಬೇಕಿತ್ತು. ಬೇರೆ ಚಾಪೆ, ಬೇರೆ ತಟ್ಟೆ, ಬಾವಿಕಟ್ಟೆ ಮುಟ್ಟುವಂತಿಲ್ಲ. ಒಲೆಯ ಮುಂದಿನ ಕೆಲಸ ತಪ್ಪುತ್ತಿತ್ತು ನಿಜ, ಆದರೆ ಆ ವಿಶ್ರಾಂತಿಗೆ ಅವಮಾನದ ಬೆಲೆ ತೆರಬೇಕಿತ್ತು. ಮಕರ ಮಾಸದ ಕೊನೆಗೆ ಬರುವ ಕೆಡ್ಡಸದಲ್ಲಿ ಭೂಮಿತಾಯಿಗೆ ಮುಟ್ಟೆಂದು ತುಳುನಾಡಿನವರು ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಗೆ ಹೆಂಗಸರು ನೆಲಕ್ಕೆ ಎಣ್ಣೆ ಎರೆದು ಕೈಮುಗಿಯುತ್ತಾರೆ. ಮಣ್ಣಿಗೆ ಸಿಕ್ಕ ಆ ಮರ್ಯಾದೆ ಅಂಗಳದ ಮೂಲೆಯಲ್ಲಿ ಕೂತವಳಿಗೆ ಸಿಗಲಿಲ್ಲ. ಕರಾಮಾದ ಈ ನಾಲ್ಕು ಮಂಚದ ಕೋಣೆಯಲ್ಲಂತೂ ಹೊರಗೆ ಕೂರುವುದಕ್ಕೆ ಜಾಗವೇ ಇಲ್ಲ. ಮೈಲಿಗೆಯ ಕಾಟ ತಪ್ಪಿತು, ಅದರೊಂದಿಗೆ ಬಿಡುವೂ ಹೋಯಿತು.

ನಡುರಾತ್ರಿ ಕಿಬ್ಬೊಟ್ಟೆ ಹಿಂಡಿ ಎಚ್ಚರವಾಗುತ್ತದೆ. ಬಂತು. ಗರ್ಭಕೋಶದ ಒಳಪದರ ಕಳಚುವಾಗ ಹೊರಬರುವ ಪ್ರೊಸ್ಟಾಗ್ಲಾಂಡಿನ್‌ಗಳು ಸ್ನಾಯುವನ್ನು ಬಿಗಿಯುತ್ತವೆ, ನೋವು ಅದರದ್ದು. ಅವು ಕರುಳನ್ನೂ ಬಿಡುವುದಿಲ್ಲ, ಭೇದಿಯಾಗುವುದು ಅದಕ್ಕೇ. ಐಬುಪ್ರೊಫೇನ್, ಮೆಫೆನಮಿಕ್ ಆಸಿಡ್‌ನಂಥ ಮಾತ್ರೆಗಳು ಈ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಹಾಗಾಗಿ ನೋವು ವಿಪರೀತವಾಗುವ ತನಕ ಹಲ್ಲುಕಚ್ಚಿ ಕಾಯುವುದರಲ್ಲಿ ಅರ್ಥವಿಲ್ಲ. ಎರಡು ಬಿಸ್ಕತ್ತು ತಿಂದು ಒಂದು ಮಾತ್ರೆ ನುಂಗುತ್ತೀರಿ. ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ಮೈ ನೋಯುತ್ತಿದ್ದರೂ ಮನಸ್ಸಿನ ಮೇಲಿದ್ದ ಭಾರ ಇಳಿದಿದೆ. ಮುಟ್ಟಿನ ಮುಂಚಿನ ಈ ತೊಂದರೆಯ ಮುಖ್ಯ ಗುರುತು ಇದೇ. ಮುಟ್ಟಿಗೆ ಮುಂಚಿನ ವಾರ ಬರುವುದು, ಮುಟ್ಟಾಗಿ ಒಂದೆರಡು ದಿನಗಳಲ್ಲಿ ಹೋಗುವುದು. 1953ರಲ್ಲಿ ಇಂಗ್ಲೆಂಡಿನ ವೈದ್ಯೆ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಇದನ್ನು ಮುಟ್ಟಿನ ಮುಂಚಿನ ಲಕ್ಷಣಕೂಟ ಎಂದು ವೈದ್ಯಪತ್ರಿಕೆಯಲ್ಲಿ ಬರೆದರು. ಹಾರ್ಮೋನು ಹೆಚ್ಚುಕಡಿಮೆ ಇರುವವರಿಗೆ ಮಾತ್ರ ಹೀಗೆಂದು ಬಹುಕಾಲ ಅಂದುಕೊಂಡಿದ್ದರು. 1998ರಲ್ಲಿ ಅಮೆರಿಕದ ಪೀಟರ್ ಷ್ಮಿಟ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆ. ಒಂದೇ ಪ್ರಮಾಣದ ಹಾರ್ಮೋನು ಕೊಟ್ಟರೂ ಕೆಲವರ ಮನಸ್ಸು ಕುಸಿಯಿತು, ಉಳಿದವರಿಗೆ ಏನೂ ಆಗಲಿಲ್ಲ. ನಿಮ್ಮ ಪಕ್ಕದ ಮಂಚದವಳಿಗೆ ತಾರೀಕು ಬಂದದ್ದೇ ತಿಳಿಯುವುದಿಲ್ಲ, ನಿಮಗೆ ವಾರ ಮೊದಲೇ ಗೊತ್ತಾಗುತ್ತದೆ. ಅವಳು ಗಟ್ಟಿ, ನೀವು ನಾಜೂಕು ಎಂದಲ್ಲ, ಮಿದುಳು ಸ್ಪಂದಿಸುವ ರೀತಿಯೇ ಬೇರೆ. ನೂರರಲ್ಲಿ ಮೂರರಿಂದ ಎಂಟು ಮಂದಿಗೆ ಇದು ಬದುಕನ್ನೇ ಹಿಂಡುವಷ್ಟು ತೀವ್ರವಾಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಅದನ್ನು ಪಿ.ಎಂ.ಡಿ.ಡಿ. ಎನ್ನುತ್ತಾರೆ.

ಮರುದಿನ ಬೆಳಗ್ಗೆ ಮತ್ತೆ ವ್ಯಾನು. ರಜೆ ಕೇಳಬಹುದಿತ್ತಲ್ಲ? ಇಲ್ಲಿನ ಖಾಸಗಿ ಕೆಲಸದ ಕಾನೂನಿನಲ್ಲಿ, ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದ ತನಕ ಕಾಯಿಲೆ ರಜೆಯುಂಟು. ಮೊದಲ 15 ದಿನಕ್ಕೆ ಮಾತ್ರ ಪೂರ್ತಿ ಸಂಬಳ. ಮುಟ್ಟಿಗೆಂದು ಬೇರೆ ರಜೆ ಇಲ್ಲ. ಊರಿನಲ್ಲಿ 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನದ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಖಾಸಗಿ ಕಂಪನಿಗಳನ್ನೂ ಅದರೊಳಗೆ ತಂದಿತು. ಜಪಾನ್ 1947ರಲ್ಲೇ, ಬಿಹಾರ ಸರ್ಕಾರ ತನ್ನ ನೌಕರರಿಗೆ 1992ರಲ್ಲೇ ಮುಟ್ಟಿನ ರಜೆ ಕೊಟ್ಟಿದ್ದವು. ರಜೆ ಕೊಡಬೇಕಾದರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳಲಾರರು ಎಂಬ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಕಾರಣ ಧಣಿಯ ಜಿಪುಣತನ, ಹೆಂಗಸಿನ ಮೈಯಲ್ಲ.

ಇನ್ನು ನೀವು ನೀವಾಗಿ. ಹೆಂಗಸಾದರೆ, ಎರಡು ತಿಂಗಳು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿ: ನಿದ್ದೆ, ಸಿಟ್ಟು, ಅಳು, ನೋವು. ವೈದ್ಯರು ಮೊದಲು ಕೇಳುವುದು ಇದನ್ನೇ. ಪ್ರತಿ ತಿಂಗಳೂ ಅದೇ ವಾರ ಸಾಯಬೇಕೆನಿಸುವಷ್ಟು ಕತ್ತಲು ಕವಿಯುತ್ತಿದ್ದರೆ ಅದನ್ನು ಸಹಿಸಿಕೊಂಡು ಕೂರಬೇಡಿ, ಕೂಡಲೇ ವೈದ್ಯರ ಹತ್ತಿರ ಹೋಗಿ. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡರೂ ಹಲವರಿಗೆ ಗುಣ ಕೊಡುತ್ತವೆ. ಗಂಡಸಾದರೆ, ಧಣಿಯಾದರೆ, ಶೌಚಾಲಯವನ್ನು ಹತ್ತಿರಕ್ಕೆ ತನ್ನಿ. ಆಕೆ ಗಂಟಲು ಏರಿಸಿದ ದಿನ ತಾರೀಕು ಹುಡುಕಬೇಡಿ, ಮೊದಲು ಪೆಟ್ಟಿಗೆ ಎಣಿಸಿ.